ನಗೆಗಾರ ವೈದ್ಯರ ಇನ್ನೊಂದು ಪಾಠ

‘ರಾಶಿ’ ಎಂದೊಡನೆ ವಾಚಕರಿಗೆ ನೆನಪಾಗುವುದು ‘ಕೊರವಂಜಿ’. ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ಆ ನಗೆಪತ್ರಿಕೆ ಇಪ್ಪತ್ತೈದು ವರ್ಷ ನಡೆಯಿತು, ಆರ್. ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳಿಗೂ ಎಡೆ ಕೊಟ್ಟಿತು. ಆದರೆ ಈ ಕೀರ್ತಿಯ ಮರೆಯಲ್ಲಿ ವೈದ್ಯ ಶಿವರಾಂ ಅವರನ್ನು ನಾವು ಮರೆತೆವೆಂಬುದೇ ನನ್ನ ದೂರು.

1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದದ್ದು ಹಾಸ್ಯಕ್ಕಲ್ಲ, ಮನಸ್ಸಿನ ಬೇನೆಗಳನ್ನು ಕುರಿತ ‘ಮನಮಂಥನ’ಕ್ಕೆ. ವೈದ್ಯಶಾಸ್ತ್ರದ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುವ ನಾಡಿನಲ್ಲಿ, ಕನ್ನಡ ಓದಬಲ್ಲ ಯಾರನ್ನೂ ಶಿಷ್ಯನೆಂದು ಬಗೆದ ಗುರು ಅವರು.

ನನ್ನದು ಪಿರಿಯಾಪಟ್ಟಣದ ಕಡೆಯ ಊರು. ನಮ್ಮ ಸೋದರತ್ತೆ ಮಾತು ಬಿಟ್ಟು ಮೂಲೆ ಹಿಡಿದಾಗ ‘ಗಾಳಿ ಸೋಕಿದೆ’ ಎಂದರು. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಯಾರಿಗೂ ತೋಚಲಿಲ್ಲ. ‘ಇದೂ ಜ್ವರದಂತೆ ಒಂದು ಕಾಯಿಲೆ’ ಎಂದು ನಮ್ಮ ಮಾತಿನಲ್ಲಿ ಹೇಳುವವರಿರಲಿಲ್ಲ. ಈ ಪುಸ್ತಕ ನನ್ನ ಕೈಗೆ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ.

‘ಕೊರವಂಜಿ’ಯ ನಗೆ ಬಹುಮಟ್ಟಿಗೆ ಪೇಟೆಯ ಮಧ್ಯಮವರ್ಗದ ಪಡಸಾಲೆಯದೆಂಬ ಆಕ್ಷೇಪ ಸುಳ್ಳಲ್ಲ. ಹೆಗ್ಗಡದೇವನಕೋಟೆಯ ಹಾಡಿಯವರೆಗೆ ಪುಸ್ತಕವೊಂದು ತಾನಾಗಿ ನಡೆದುಹೋಗುವುದೂ ಇಲ್ಲ. ಆದರೂ ನಗಿಸುವಾಗ, ಚಿಕಿತ್ಸೆಯ ಮಾತಾಡುವಾಗ ರಾಶಿಯವರ ಕಣ್ಣು ಒಂದೇ: ಎಡವಿದವನನ್ನು ಹೀಯಾಳಿಸದ ಕಣ್ಣು.

ಹುಣಸೂರು, ಕೃಷ್ಣರಾಜನಗರಗಳ ವಾಚನಾಲಯಗಳಲ್ಲಿ ಅವರ ನಗೆಬರಹಗಳ ಪಕ್ಕದಲ್ಲೇ ‘ಮನಮಂಥನ’ವೂ ಇರಲಿ. ನಗಲು ಬಂದವರಲ್ಲಿ ಒಬ್ಬರಾದರೂ ಅದನ್ನು ತೆರೆದಾರು. ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕುಳಿತವರನ್ನು ಸಕಾಲದಲ್ಲಿ ವೈದ್ಯರಲ್ಲಿಗೆ ಕರೆದೊಯ್ದಾರು.