ಅರಿಸ್ಟಾಟಲನ ಕಪಾಟಿನಲ್ಲಿ ರೈಕ್ವ

ಖರಾಡಿಯ ಐಟಿ ಕಚೇರಿಗಳಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಪುಣೆ ಎಂದಕೂಡಲೇ ಭೀಮಸೇನ ಜೋಶಿಯವರ ನೆನಪು ಬರುತ್ತದೆ. ಊರಿನ ಇನ್ನೊಂದು ಮಗ್ಗುಲಲ್ಲಿ, ಫರ್ಗ್ಯುಸನ್ ಕಾಲೇಜಿನಲ್ಲಿ, ತತ್ವಶಾಸ್ತ್ರ ಕಲಿಸುತ್ತಿದ್ದ ಜಮಖಂಡಿಯ ಮಾಸ್ತರರ ನೆನಪಾಗುವುದು ಅಪರೂಪ. 1886ರಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು ನಿಂಬಾಳದ ಆಶ್ರಮದಿಂದಾಗಿ ನಮಗೆ ಗುರುದೇವರೆಂದೇ ಪರಿಚಿತರು. ಆದರೆ ಅವರ ಆರಂಭದ ಬರಹಗಳಲ್ಲಿ ಹೆರಾಕ್ಲಿಟಸ್‌ನ ಮೇಲೊಂದು, ಎಲಿಯಾದ ದಾರ್ಶನಿಕರನ್ನು ಅರಿಸ್ಟಾಟಲ್ ಟೀಕಿಸಿದ ಬಗೆಯ ಮೇಲೊಂದು ಇವೆ. 1926ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಉಪನಿಷತ್ ಸಮೀಕ್ಷೆಯಲ್ಲಿ ಅವರು, ಉಪನಿಷತ್ತಿಗೂ ಗ್ರೀಕರಿಗೂ ಇರುವ ಹೋಲಿಕೆ ಸಾಲ ತಂದದ್ದಲ್ಲ, ಎರಡೂ ಕಡೆ ತಾನಾಗಿಯೇ ಬೆಳೆದದ್ದು ಎಂದು ವಾದಿಸಿದರು. ಆ ತೀರ್ಪು ಸರಿಯೆಂದೇ ನನ್ನ ಎಣಿಕೆ. ಹಾಗೆ ವಾದಿಸಿದ ಪುಸ್ತಕದ ಮೈಕಟ್ಟು ಮಾತ್ರ ಗ್ರೀಕರದು. ಉಪನಿಷತ್ತು ಅವರಿಂದ ಏನನ್ನೂ ಪಡೆಯದಿರಬಹುದು. ಅದನ್ನು ಓದುವ ನಮ್ಮ ಕ್ರಮ ಪಡೆದಿದೆ.

ಆ ಪುಸ್ತಕದ ವಿಂಗಡಣೆಯನ್ನೇ ನೋಡಿ. ಸೃಷ್ಟಿಗೆ ಒಂದು ಅಧ್ಯಾಯ, ಮನಸ್ಸಿಗೆ ಇನ್ನೊಂದು, ಪರತತ್ವಕ್ಕೆ ಮತ್ತೊಂದು, ನೀತಿಗೆ ಬೇರೊಂದು. ಸೃಷ್ಟಿಯ ಅಧ್ಯಾಯದಲ್ಲಿ ಉಪನಿಷತ್ತಿನ ಮಾತುಗಳು ಬೃಹದಾರಣ್ಯಕದ ನೀರು, ಛಾಂದೋಗ್ಯದ ರೈಕ್ವನ ವಾಯು, ಕಠದ ಅಗ್ನಿ ಎಂದು ಸಾಲಾಗಿ ನಿಲ್ಲುತ್ತವೆ. ಈ ಸಾಲು ಎಲ್ಲೋ ಕಂಡಂತಿದೆಯಲ್ಲ? ಅರಿಸ್ಟಾಟಲ್ ತನ್ನ 'ಮೆಟಫಿಸಿಕ್ಸ್'ನ ಮೊದಲ ಪುಸ್ತಕದಲ್ಲಿ ಹಿಂದಿನವರನ್ನೆಲ್ಲ ಹೀಗೆಯೇ ನಿಲ್ಲಿಸುತ್ತಾನೆ: ಥೇಲೀಸನದು ನೀರು, ಅನಾಕ್ಸಿಮಿನೀಸನದು ಗಾಳಿ, ಹೆರಾಕ್ಲಿಟಸನದು ಬೆಂಕಿ. ಎಲ್ಲರಿಗೂ ಅವನು ಹಾಕುವ ಪ್ರಶ್ನೆ ಒಂದೇ, ಎಲ್ಲದರ ಮೂಲದ್ರವ್ಯ ಯಾವುದು ಎಂದು. ಆ ಪ್ರಶ್ನೆಯನ್ನು ಅವರೆಲ್ಲ ಕೇಳಿಕೊಂಡಿದ್ದರೋ ಇಲ್ಲವೋ ಎಂಬುದು ಬೇರೆ ಮಾತು. 1935ರಲ್ಲಿ ಹೆರಾಲ್ಡ್ ಚೆರ್ನಿಸ್ ಅರಿಸ್ಟಾಟಲನ ಮೇಲೆ ಬರೆದ ದೊಡ್ಡ ಪುಸ್ತಕ ಎತ್ತಿದ್ದು ಇದೇ ತಕರಾರನ್ನು.

ರೈಕ್ವನ ವಿಷಯದಲ್ಲೂ ಅದೇ ತಕರಾರು ಎತ್ತಬಹುದು. ಛಾಂದೋಗ್ಯದ ನಾಲ್ಕನೆಯ ಅಧ್ಯಾಯದಲ್ಲಿ ಅವನು ಗಾಡಿಯ ಕೆಳಗೆ ಕೂತು ಕಜ್ಜಿ ಕೆರೆದುಕೊಳ್ಳುತ್ತಿದ್ದಾನೆ. ಜಾನಶ್ರುತಿ ದೊರೆ 600 ಹಸು, ಹಾರ, ಹೇಸರಗತ್ತೆಯ ರಥ ತಂದರೂ ಬೈದು ಕಳಿಸುತ್ತಾನೆ. ಕೊನೆಗೆ ಅವನು ಹೇಳುವುದಿಷ್ಟು: ಬೆಂಕಿ ಆರಿದರೆ ವಾಯುವಿಗೆ ಸೇರುತ್ತದೆ, ಸೂರ್ಯ ಚಂದ್ರರು ಮುಳುಗಿದರೆ ವಾಯುವಿಗೆ, ನೀರು ಬತ್ತಿದರೂ ವಾಯುವಿಗೆ. ಹಾಗೆಯೇ ಮನುಷ್ಯ ಮಲಗಿದಾಗ ಮಾತು, ಕಣ್ಣು, ಕಿವಿ, ಮನಸ್ಸು ಪ್ರಾಣಕ್ಕೆ ಸೇರುತ್ತವೆ. ಎಲ್ಲಿ ಅಡಗುತ್ತದೆ ಎಂಬುದು ಇಲ್ಲಿಯ ಚಿಂತೆ. ಯಾವುದರಿಂದ ಹುಟ್ಟಿತು ಎಂಬ ಮಾತೇ ಇಲ್ಲ. ಇವನನ್ನು ಅನಾಕ್ಸಿಮಿನೀಸನ ಪಕ್ಕ ಕೂರಿಸಬೇಕಾದರೆ ಲಯದ ಜಾಗವೇ ಹುಟ್ಟಿನ ಜಾಗವೆಂದು ಒಪ್ಪಬೇಕು. ಒಪ್ಪಿದರೇನು ತಪ್ಪು, ಹುಟ್ಟು ಲಯ ಎರಡೂ ಬ್ರಹ್ಮದಲ್ಲೇ ಎಂದು ತೈತ್ತಿರೀಯವೂ ಹೇಳುತ್ತದಲ್ಲ ಎನ್ನಬಹುದು. ಹೇಳುತ್ತದೆ, ಆದರೆ ರೈಕ್ವ ಹೇಳುವುದಿಲ್ಲ. ವಸ್ತುಗಳು ಹುಟ್ಟುವುದೂ ಕೊನೆಗೆ ಕರಗುವುದೂ ಒಂದರಲ್ಲೇ ಎಂಬುದು ಅರಿಸ್ಟಾಟಲ್ ಮೂಲತತ್ವಕ್ಕೆ ಕೊಟ್ಟ ಲಕ್ಷಣವೂ ಹೌದು. ರೈಕ್ವನನ್ನು ಸೃಷ್ಟಿಯ ಸಾಲಿಗೆ ಎಳೆದು ತಂದದ್ದು ಆ ಲಕ್ಷಣ.

ಇದು ಗ್ರೀಕರ ಪ್ರಭಾವವಲ್ಲ, ಬ್ರಿಟಿಷರ ಕಾಲದ ವಿಶ್ವವಿದ್ಯಾಲಯದ ಪಠ್ಯಕ್ರಮದ ಪ್ರಭಾವ ಎಂಬ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಅಧ್ಯಾಯಗಳ ಹೆಸರು ಆ ದಾರಿಯಿಂದ ಬಂದಿರಬಹುದು. ಆದರೆ ಅರಿಸ್ಟಾಟಲನ ಟೀಕೆಯನ್ನೇ ಪರೀಕ್ಷೆಗೊಡ್ಡಿದ್ದ ರಾನಡೆಯವರಿಗೆ ಅವನ ಈ ಅಭ್ಯಾಸ ಪಠ್ಯಪುಸ್ತಕದಿಂದ ತಿಳಿಯಬೇಕಿರಲಿಲ್ಲ. ವಿಂಗಡಿಸುವ ಕಲೆ ನಮ್ಮಲ್ಲೂ ಇತ್ತು, 14ನೆಯ ಶತಮಾನದ 'ಸರ್ವದರ್ಶನಸಂಗ್ರಹ'ವೇ ಸಾಕ್ಷಿ ಎಂಬ ಇನ್ನೊಂದು ಮಾತು ಹೆಚ್ಚು ತೂಕದ್ದು. ಅದರಲ್ಲಿ ಮಾಧವಾಚಾರ್ಯರು ಚಾರ್ವಾಕರಿಂದ ಹಿಡಿದು ಒಂದೊಂದೇ ಮತವನ್ನು ಇಡಿಯಾಗಿ ಎತ್ತಿಕೊಳ್ಳುತ್ತಾರೆ. ಒಂದೇ ಪ್ರಶ್ನೆಯನ್ನು ಹಿಡಿದು ಎಲ್ಲರ ಮಾತನ್ನೂ ಕತ್ತರಿಸಿ ಜೋಡಿಸುವುದಿಲ್ಲ. ರಾನಡೆಯವರು ಹಾಗೆ ಕತ್ತರಿಸಿದ್ದರಿಂದ ಲಾಭವೂ ಆಯಿತು. ತತ್ವಶಾಸ್ತ್ರದ ತರಗತಿಯಲ್ಲಿ ಥೇಲೀಸನ ಜೊತೆ ಸರಿಸಮನಾಗಿ ಗಾಡಿಯ ರೈಕ್ವನಿಗೂ ಜಾಗ ಸಿಕ್ಕಿದ್ದು ಹೀಗೆಯೇ, ಅದು ಸಣ್ಣ ಸಂಗತಿಯಲ್ಲ. ಆದರೆ ವಾಯುವಿನ ಮಾತು ಸೃಷ್ಟಿಯ ಅಧ್ಯಾಯಕ್ಕೆ ಹೋದ ಮೇಲೆ ನಿದ್ದೆಯಲ್ಲಿ ಪ್ರಾಣಕ್ಕೆ ಸೇರುವ ಕಣ್ಣು ಕಿವಿಗಳ ಮಾತಿಗೆ ಅಲ್ಲಿ ಕೆಲಸವಿಲ್ಲ. ರೈಕ್ವ ಒಂದೇ ಉಸಿರಿನಲ್ಲಿ ಹೇಳಿದ್ದು ಎರಡು ತುಂಡಾಗುತ್ತದೆ.