ಪ್ಯಾಕೆಟ್ಟಿನ ಜೇಡರಬಲೆ

ಅಕ್ಟೋಬರ್ ಬಂತೆಂದರೆ ನಮ್ಮ ಸೊರಬ, ಶಿಕಾರಿಪುರದ ಕಡೆ ಮನೆಗಳಲ್ಲಿ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಬಲೆ ಹೊಡೆಯುವ ಕೆಲಸ ಶುರುವಾಗುತ್ತದೆ. ಭೂಮಿ ಹುಣ್ಣಿಮೆ, ಅದರ ಬೆನ್ನಿಗೇ ದೀಪಾವಳಿ. ಅಟ್ಟದ ಮೂಲೆಯ ಜೇಡರಬಲೆ, ಒಲೆಯ ಮೇಲಿನ ಇಲ್ಲಣ ಎಲ್ಲ ಕೆಳಗೆ ಬೀಳಬೇಕು. ಅದೇ ದಿನಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟು, ಪಬ್ಬು, ಐಟಿ ಕಚೇರಿಗಳಲ್ಲಿ ಹ್ಯಾಲೋವೀನ್ ಹೆಸರಲ್ಲಿ ಪ್ಯಾಕೆಟ್ ಒಡೆದು ಬಲೆ ಕಟ್ಟುವ ಕೆಲಸ ನಡೆಯುತ್ತದೆ. 2020ರಲ್ಲಂತೂ ಅಕ್ಟೋಬರ್ 31ರಂದೇ ಹುಣ್ಣಿಮೆ ಬಿದ್ದು ಎರಡೂ ಒಂದೇ ದಿನಕ್ಕೆ ಬಂದಿದ್ದವು. ಇದನ್ನು ಹಳ್ಳಿ ಮತ್ತು ಪೇಟೆಯ ಜಗಳವೆಂದು ಬರೆದು ನಕ್ಕುಬಿಡುವುದು ಸುಲಭ. ಇಲ್ಲಿ ಬಲೆ ಹೊಡೆಯುವ ತಾಯಿಯ ಮಗನೇ ಅಲ್ಲಿ ಬಲೆ ಕಟ್ಟುತ್ತಿರುವುದರಿಂದ ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನ್ನ ಆಸಕ್ತಿ ಬೇರೆ. ಸುಳ್ಳು ಬಲೆಯನ್ನು ನಿಜದಂತೆ ಮಾಡುವುದು ಎಂದರೇನು? ಕಥೆ, ಕಾದಂಬರಿ ಓದುವ ನಾವು ದಿನಾ ಬಳಸುವ ‘ವಾಸ್ತವ’ ಎಂಬ ಮಾತನ್ನು ಪರೀಕ್ಷಿಸಲು ಇದಕ್ಕಿಂತ ಅಗ್ಗದ ಸಾಮಾನು ಸಿಗಲಿಕ್ಕಿಲ್ಲ.

ಪ್ಯಾಕೆಟ್ಟಿನಲ್ಲಿರುವುದು ದಿಂಬಿಗೆ ತುಂಬುವಂಥದೇ ಪಾಲಿಯೆಸ್ಟರ್ ಹತ್ತಿ. ಹೊಸಬರು ಅದನ್ನು ಹಾಗೇ ಗೋಡೆಗೆ ಅಂಟಿಸುತ್ತಾರೆ. ಆಗ ಅದು ಹರಿದ ಹಾಸಿಗೆಯಂತೆ ಕಾಣುತ್ತದೆ. ಕೈ ಪಳಗಿದವರು ಒಂದು ಚಿಟಿಕೆಯಷ್ಟನ್ನು ಮಾತ್ರ ತೆಗೆದು, ತುದಿಯನ್ನು ಮೊಳೆಗೋ ಕಿಟಕಿಯ ಸರಳಿಗೋ ಸಿಕ್ಕಿಸಿ, ಇನ್ನೇನು ಹರಿಯಿತು ಎನ್ನುವ ತನಕ ಎಳೆಯುತ್ತಾರೆ. ನಡುನಡುವೆ ಬೆರಳು ತೂರಿಸಿ ತೂತು ಮಾಡುತ್ತಾರೆ. ಬಿಸಿ ಅಂಟಿನ ಗನ್ನಿನಿಂದ ಎಳೆ ಬಿಡುವವರೂ ಇದ್ದಾರೆ. ಸಿನಿಮಾ ಸ್ಟುಡಿಯೋಗಳಲ್ಲಿ ಇದಕ್ಕೆಂದೇ ಒಂದು ಯಂತ್ರವಿತ್ತು. ಗಿರಗಿರ ತಿರುಗುವ ಪುಟ್ಟ ಬಟ್ಟಲಿಗೆ ರಬ್ಬರ್ ಅಂಟು ಹಾಕಿ, ಫ್ಯಾನಿನ ಗಾಳಿಗೆ ಎಳೆ ಹಾರಿಸಿ, ಆಮೇಲೆ ಮುಲ್ತಾನಿ ಮಿಟ್ಟಿಯಂಥ ನಯವಾದ ಮಣ್ಣಿನ ಪುಡಿ ಊದುತ್ತಿದ್ದರು. ಎಲ್ಲದರ ಗುಟ್ಟು ಈ ಕೊನೆಯ ಹಂತದಲ್ಲಿದೆ. ಧೂಳು ಕೂತ ಮೇಲೆಯೇ ಎಳೆ ಕ್ಯಾಮೆರಾದ ಕಣ್ಣಿಗೆ ಬೀಳುತ್ತದೆ, ನೋಡುವವರಿಗೆ ಹಳತೆನ್ನಿಸುತ್ತದೆ. ಹಾಗೆ ನೋಡಿದರೆ ಅಲ್ಲಿ ತಯಾರಾಗುತ್ತಿರುವುದು ಯಾರೂ ಕಸ ಗುಡಿಸದ ಹತ್ತಿಪ್ಪತ್ತು ವರ್ಷ.

ಜೇಡ ಮಾಡುವುದು ಇದರ ತದ್ವಿರುದ್ಧ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಚರಗ ಚೆಲ್ಲಲು ಗದ್ದೆಗೆ ಹೋದವರು ಬದುವಿನ ಹುಲ್ಲಿನ ಮೇಲೆ, ಹೊಡೆ ತುಂಬಿದ ಭತ್ತದ ನಡುವೆ, ಇಬ್ಬನಿ ಹೊತ್ತ ಬಲೆಗಳನ್ನು ನೋಡಿಯೇ ಇರುತ್ತಾರೆ. ಚಕ್ರದಂಥ ಬಲೆ ನೇಯುವ ಜೇಡ ಮೊದಲು ನಡುವಿನಿಂದ ಹೊರಕ್ಕೆ ಕಡ್ಡಿಗಳಂತೆ ಎಳೆ ಹಾಕುತ್ತದೆ, ಇವಕ್ಕೆ ಅಂಟಿಲ್ಲ. ಆಮೇಲೆ ಓಡಾಡಲು ಒಂದು ತಾತ್ಕಾಲಿಕ ಸುರುಳಿ. ಕೊನೆಗೆ ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿ ಹಾಕುತ್ತ, ತಾತ್ಕಾಲಿಕವಾದದ್ದನ್ನು ಕಿತ್ತುಹಾಕುತ್ತ ಬರುತ್ತದೆ. ಇಂಥ ಎಷ್ಟೋ ಜೇಡಗಳು ಹಳೆಯ ಬಲೆಯನ್ನು ತಾವೇ ತಿಂದು ಹೊಸದು ಕಟ್ಟುತ್ತವೆ. ಹಾಗಾಗಿ ಬೆಳಗ್ಗೆ ಕಂಡ ಚಕ್ರದ ಬಲೆ ಯಾರೋ ಇಲ್ಲಿ ಕೆಲಸ ಮಾಡಿದ್ದರು ಎಂಬುದಕ್ಕೆ ಗುರುತು. ಹ್ಯಾಲೋವೀನಿನ ಬಲೆ ಹೇಳುವುದು ಯಾರೂ ಇಲ್ಲ ಎಂಬುದನ್ನು. ತಮಾಷೆಯೆಂದರೆ ಪ್ಯಾಕೆಟ್ಟಿನ ಮೇಲೆ ಹೆಚ್ಚಾಗಿ ಚಕ್ರದ ಚಿತ್ರವಿರುತ್ತದೆ, ಒಳಗಿನಿಂದ ಬರುವುದು ಇಲ್ಲಣ.

ಈ ವ್ಯತ್ಯಾಸ ಸಾಹಿತ್ಯಕ್ಕೂ ಸಂಬಂಧಿಸಿದ್ದು. 1860-61ರಲ್ಲಿ ಕಂತುಗಳಲ್ಲಿ ಬಂದ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಾದಂಬರಿಯ ಮಿಸ್ ಹ್ಯಾವಿಶಮ್ ಕೋಣೆ ಬಹುಶಃ ಜಗತ್ತಿನ ಅತಿ ಪ್ರಸಿದ್ಧ ಜೇಡರಬಲೆಯ ಮನೆ. ಮದುವೆ ಮುರಿದ ದಿನದ ಕೇಕು ಮೇಜಿನ ಮೇಲೆ ಹಾಗೇ ಇದೆ. ಆದರೆ ಅಲ್ಲಿ ಜೇಡಗಳು ಬದುಕಿವೆ. ಕೇಕಿನೊಳಕ್ಕೂ ಹೊರಕ್ಕೂ ಓಡಾಡುತ್ತಿವೆ. ನಿಲ್ಲಿಸಿದ ಗಡಿಯಾರದ ಪಕ್ಕದಲ್ಲೇ ಒಂದು ಸಂಸಾರ ಭರ್ಜರಿಯಾಗಿ ನಡೆದಿದೆ. ಓದುವವರಿಗೆ ಅಸಹ್ಯ ಹುಟ್ಟುವುದು ಅದರಿಂದ. ಈ ಕೋಣೆಯಿಂದ ನಮ್ಮ ಕಾಲದ ಅಲಂಕಾರದವರು ಬಲೆಯನ್ನಷ್ಟೇ ಎತ್ತಿಕೊಂಡು ಬಂದಿದ್ದಾರೆ. ಜೊತೆಗೊಂದು ಪ್ಲಾಸ್ಟಿಕ್ ಜೇಡವಿದ್ದರೂ ಅದಕ್ಕೆ ಮಾಡಲು ಕೆಲಸವಿಲ್ಲ.

ಕನ್ನಡದ ಹೊಸ ಕಥೆಗಳಲ್ಲೂ ಪ್ಯಾಕೆಟ್ಟಿನ ಬಲೆ ಹೆಚ್ಚುತ್ತಿದೆ ಎನ್ನುವುದು ನನ್ನ ದೂರು. ಮಲೆನಾಡಿನ ಒಂದು ತೊಟ್ಟಿಮನೆ, ಬೀಗ, ಕಿರ್ರೆನ್ನುವ ಬಾಗಿಲು, ಒಳಗೆ ಕಾಲಿಡುತ್ತಲೇ ಮುಖಕ್ಕೆ ತಾಗುವ ಜೇಡರಬಲೆ. ಅಲ್ಲಿಗೆ ಅವನತಿ ಸಿದ್ಧವಾಯಿತು. ಈ ಕಡೆ ಬೀಗ ಬಿದ್ದ ಮನೆಗಳಿರುವುದು ಸುಳ್ಳಲ್ಲ. ಆದರೆ ಆ ಬೀಗಕ್ಕೆ ಕಾರಣಗಳಿವೆ: ಹಿಸ್ಸೆಯ ವ್ಯಾಜ್ಯ, ಕೊಳೆರೋಗಕ್ಕೆ ಉದುರಿದ ಅಡಿಕೆ, ಮಕ್ಕಳ ಫೀಸು, ತಂಗಿಯ ಪಾಲು ಕೊಡಲು ಒಪ್ಪದ ಅಣ್ಣ. ಇವನ್ನೆಲ್ಲ ಬರೆಯುವುದು ಕಷ್ಟ, ಬಲೆ ಇಳಿಬಿಡುವುದು ಸುಲಭ. ಬೀಗ ಹಾಕಿದ ಮನೆಯೂ ಪೂರ್ತಿ ಖಾಲಿಯಿರುವುದು ಅಪರೂಪ. ಜಗಲಿಯಲ್ಲಿ ಯಾರದೋ ಅಡಿಕೆ ಚೀಲ, ಪಕ್ಕದ ಮನೆಯವರು ಹಚ್ಚಿಟ್ಟುಹೋಗುವ ದೀಪ, ಹಿತ್ತಿಲಲ್ಲಿ ಯಾರೋ ಕಟ್ಟಿದ ಕರು. ಬಲೆಯ ಮಬ್ಬಿನಲ್ಲಿ ಮೊದಲು ಮರೆಯಾಗುವವರು ಇವರೇ. ಊರು ಬಿಟ್ಟುಹೋದವನ ನೆನಪಿಗೆ ಮನೆ ಪಾಳುಬಿದ್ದಿರುವುದು ಅನುಕೂಲ. ಅಲ್ಲಿ ಇನ್ನೂ ಯಾರೋ ದುಡಿಯುತ್ತಿದ್ದಾರೆ ಎಂದರೆ ಲೆಕ್ಕ ಕೊಡಬೇಕಾಗುತ್ತದೆ.

ಅಕ್ಕಮಹಾದೇವಿಯ ಉಡುತಡಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ತನ್ನ ನೂಲಿನಲ್ಲೇ ಮನೆ ಕಟ್ಟಿ, ಆ ನೂಲು ತನ್ನನ್ನೇ ಸುತ್ತಿ ಸಾಯುವ ಹುಳುವಿನ ಆಕೆಯ ವಚನವನ್ನು ಶಾಲೆಯಲ್ಲೇ ಓದಿರುತ್ತೇವೆ. ಆಕೆ ಜೇಡವನ್ನು ಆರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಜೇಡ ತನ್ನ ಎಳೆಯ ಮೇಲೆ ಆರಾಮಾಗಿ ನಡೆದಾಡುತ್ತದೆ, ಸಿಕ್ಕಿಕೊಳ್ಳುವುದು ಬೇರೆಯವರು. ರೇಷ್ಮೆಹುಳು ಹಾಗಲ್ಲ. ಬಯಕೆಯ ಬಗ್ಗೆ ಆಕೆಗೆ ಹೇಳಬೇಕಾದದ್ದಕ್ಕೆ ಎರಡನೆಯದೇ ಬೇಕಿತ್ತು. ಹುಳು ಏನು ಮಾಡುತ್ತದೆ ಎಂಬುದು ಆ ವಚನದಲ್ಲಿ ಇರುವುದರಿಂದ ಅದು ಅಲಂಕಾರವಾಗಿ ಉಳಿಯುವುದಿಲ್ಲ.

ಬಲೆಯೇ ಅಲಂಕಾರವಾದ ಕಥೆಯೂ ಶೈವರಲ್ಲಿದೆ. ತಮಿಳಿನ ‘ಪೆರಿಯ ಪುರಾಣ’ದಲ್ಲಿ ಬರುವ ತಿರುವಾನೈಕ್ಕಾವಿನ ಜೇಡ ಲಿಂಗದ ಮೇಲೆ ಒಣಗಿದ ಎಲೆ ಬೀಳದಂತೆ ಬಲೆಯ ಚಪ್ಪರ ಹಾಕುತ್ತದೆ. ಪೂಜೆಗೆ ಬಂದ ಆನೆ ಅದನ್ನು ಕೊಳೆಯೆಂದು ತಿಳಿದು ಕಿತ್ತುಹಾಕುತ್ತದೆ. ಕೊನೆಗೆ ಜೇಡ ಸೊಂಡಿಲೊಳಗೆ ಹೊಕ್ಕು ಕಚ್ಚಿ ಎರಡೂ ಸಾಯುತ್ತವೆ. ಜೇಡ ಚೋಳ ರಾಜನಾಗಿ ಹುಟ್ಟಿ ಆನೆ ಹತ್ತಲಾಗದಂಥ ಗುಡಿಗಳನ್ನು ಕಟ್ಟಿಸುತ್ತದೆ. ಇಬ್ಬರೂ ಭಕ್ತರೇ, ಒಬ್ಬನ ಚಪ್ಪರ ಇನ್ನೊಬ್ಬನಿಗೆ ಕಸ. ಪೊರಕೆ ಹಿಡಿದ ತಾಯಿಯನ್ನೂ ಪ್ಯಾಕೆಟ್ ಒಡೆಯುವ ಮಗನನ್ನೂ ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ನನಗೆ ಗೊತ್ತಿಲ್ಲ.

ಇನ್ನು ಎಳೆಯ ಮಾತು. ಸೊರಬ, ಸಾಗರದ ದೀವರ ಹೆಣ್ಣುಮಕ್ಕಳು ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಕೂದಲೆಳೆಯಷ್ಟು ತೆಳ್ಳಗೆ ಚಿತ್ತಾರ ಬರೆಯುತ್ತಾರೆ. ಅಲ್ಲಿಯ ಭತ್ತ ಭತ್ತದಂತಿಲ್ಲ, ಮನುಷ್ಯರು ಮನುಷ್ಯರಂತಿಲ್ಲ, ಎಲ್ಲ ನೇರ ಗೆರೆಗಳು. ನಿಜದಂತಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಏಕೆಂದರೆ ಬುಟ್ಟಿಗೆ ಮಾಡಬೇಕಾದ ಕೆಲಸವಿದೆ: ಬಸುರಿ ಭೂಮಿಗೆ ಊಟ ಹೊರಬೇಕು. ಅದೇ ಚಿತ್ತಾರ ಈಗ ಫ್ರೇಮಿನೊಳಗೆ ಕೂತು ಡ್ರಾಯಿಂಗ್ ರೂಮಿನ ಗೋಡೆಗೆ ಬಂದಾಗ ‘ಅಪ್ಪಟ’ ಎಂಬ ಚೀಟಿ ಅಂಟಿಸಬೇಕಾಗುತ್ತದೆ. ಪ್ಯಾಕೆಟ್ಟಿನ ಬಲೆಗೆ ‘ನಿಜದಂಥ’ ಎಂಬ ಚೀಟಿ ಇರುವಂತೆ.

ಮಕ್ಕಳ ಹ್ಯಾಲೋವೀನ್ ಸಂಭ್ರಮದ ಬಗ್ಗೆ ನನಗೆ ತಕರಾರಿಲ್ಲ. ಹೆದರುವ ಆಟ ಎಲ್ಲ ಊರಲ್ಲೂ ಇದೆ. ಕಟ್ಟುವವರು ಮನೆಯೊಳಗೆ, ಮೂಲೆಯಲ್ಲಿ, ತೆಳ್ಳಗೆ ಕಟ್ಟಲಿ. ಹೊರಗಿನ ಗಿಡಕ್ಕೆ ಎಳೆದರೆ ಜೇನ್ನೊಣ, ಸಣ್ಣ ಹಕ್ಕಿಗಳು ಸಿಕ್ಕಿಕೊಳ್ಳುತ್ತವೆ, ಬಿಡಿಸಿಕೊಳ್ಳಲು ಅವಕ್ಕೆ ಆಗುವುದಿಲ್ಲ. ಪಾಲಿಯೆಸ್ಟರ್ ಮಳೆಗೆ ಕೊಳೆಯುವುದಿಲ್ಲ, ಅದನ್ನು ತಿಂದು ಮುಗಿಸಲು ಜೇಡವೂ ಬರುವುದಿಲ್ಲ. ನವೆಂಬರಿನಲ್ಲಿ ಗಿಡದಿಂದ ಒಂದೊಂದೇ ಎಳೆ ಬಿಡಿಸುತ್ತ ನಿಲ್ಲುವ ಕೆಲಸ, ಸಾಮಾನ್ಯವಾಗಿ, ಅಪಾರ್ಟ್‌ಮೆಂಟಿನ ಮಾಲಿಗೆ ಬರುತ್ತದೆ.