ಕರೆಂಟು ಹೋದ ಮೇಲೂ ಉಸಿರಾಡುವ ಫಿಲ್ಟರ್

ಈ ವಾರ ಮೂರು ಕ್ಯಾನಿಸ್ಟರ್ ಫಿಲ್ಟರ್‌ಗಳನ್ನು ಹೋಲಿಸಿ ಬರೆಯುತ್ತೇನೆ ಎಂದಿದ್ದೆ, ಟಿಪ್ಪಣಿಯೂ ಸಿದ್ಧವಿತ್ತು. ಅಷ್ಟರಲ್ಲಿ ಮಹಾರಾಷ್ಟ್ರದ ಜತ್ತ ತಾಲೂಕಿನ ಸಂಖದ ಕಡೆಯಿಂದ ಓದುಗರೊಬ್ಬರ ಫೋನ್ ಬಂತು. ದಾಳಿಂಬೆ ಬೆಳೆಗಾರರು. ಹೊಸ ಮನೆಯ ಪಡಸಾಲೆಯಲ್ಲಿ ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ ಕೂಡಿಸಿದ್ದಾರೆ. ಲೆಕ್ಕಕ್ಕೆ 850 ಲೀಟರ್, ಅಂಚು ಬಿಟ್ಟು ತುಂಬಿದರೆ 800. ಗಂಟೆಗೆ 3000 ಲೀಟರ್ ತಿರುಗಿಸುವ ಕ್ಯಾನಿಸ್ಟರ್ ಒಂದು, ಬೋರಿನ ಗಡಸು ನೀರು ಮೆದುವಾಗಲೆಂದು ಆರ್‌ಒ ಯಂತ್ರ ಒಂದು ಎಂದು ಅಂಗಡಿಯವರು ಪಟ್ಟಿ ಬರೆದುಕೊಟ್ಟಿದ್ದಾರೆ. ‘ಇದರಾಗ ಯಾವುದು ಮೊದಲ ತರಲ್ರಿ?’ ಎಂದು ಕೇಳಿದರು.

ಎರಡೂ ಬೇಡ ಎಂದೆ. ಆ ಮಾತಿಗೆ ಕಾರಣ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಹೋಲಿಕೆ ಇನ್ನೊಂದು ವಾರ ಕಾಯಲಿ.

ಮೊದಲು ಕ್ಯಾನಿಸ್ಟರ್. ಚೊಕ್ಕ ಯಂತ್ರ, ಸದ್ದಿಲ್ಲ, ತೊಟ್ಟಿಯ ಕೆಳಗೆ ಅಡಗಿ ಕೂಡುತ್ತದೆ. ಆದರೆ ಅದು ಮುಚ್ಚಿದ ಡಬ್ಬಿ. ಒಳಗೆ ಕೂತು ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾಗಳಿಗೆ ಹರಿದು ಬರುವ ನೀರೇ ಉಸಿರು. 30 ಡಿಗ್ರಿ ಬಿಸಿಯ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಪಂಪು ನಿಂತಾಗ ಡಬ್ಬಿಯೊಳಗಿನ ಆ ಪುಡಿಗಾಸು ಬಲು ಬೇಗ ಖರ್ಚಾಗುತ್ತದೆ. ಒಂದು ಏಪ್ರಿಲ್‌ನಲ್ಲಿ ನಾನು ಊರಿಗೆ ಹೋಗಿದ್ದಾಗ ಇಡೀ ರಾತ್ರಿ ಕರೆಂಟು ಇರಲಿಲ್ಲ. ಬೆಳಗ್ಗೆ ಅದು ಮರಳಿ ಬಂದಾಗ ಕ್ಯಾನಿಸ್ಟರ್ ತನ್ನೊಳಗೆ ಕೊಳೆತ ನೀರನ್ನೆಲ್ಲ ತೊಟ್ಟಿಗೆ ಕಾರಿತು. ಮನೆಗೆ ಬಂದು ನೋಡಿದರೆ ಹನ್ನೊಂದು ಮೀನು ಮೇಲೆ ತೇಲುತ್ತಿದ್ದವು. ಎಂಟು ವರ್ಷ ಸಾಕಿದ ಜೋಡಿಯೂ ಅದರಲ್ಲಿತ್ತು. ಅಂದಿನಿಂದ ಫಿಲ್ಟರಿನ ಪೆಟ್ಟಿಗೆಯ ಮೇಲೆ ಅಚ್ಚಾದ ‘ಗಂಟೆಗೆ ಇಷ್ಟು ಲೀಟರ್’ ನನಗೆ ಎರಡನೆಯ ಪ್ರಶ್ನೆ. ಕರೆಂಟು ಹೋದಾಗ ಇದು ಎಷ್ಟು ಹೊತ್ತು ಬದುಕಿರುತ್ತದೆ ಎಂಬುದು ಮೊದಲನೆಯದು.

ಇನ್ನು ಆರ್‌ಒ. ಈ ಪಂಥದ ಜೊತೆ ನನ್ನ ಜಗಳ ಹಳೆಯದು, ಅಂಕಣದ ಓದುಗರಿಗೆ ಗೊತ್ತಿದ್ದದ್ದೇ. ಮನೆಬಳಕೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಕೃಷ್ಣೆಯ ನೀರಿಗಾಗಿ ಮ್ಹೈಸಾಳ ಏತ ನೀರಾವರಿಯ ದಾರಿ ಕಾಯುವ ತಾಲೂಕು ಇದು. 2022ರಲ್ಲಿ ಪೂರ್ವಭಾಗದ ಕನ್ನಡ ಹಳ್ಳಿಗಳು ನೀರು ಕೊಡಿ, ಇಲ್ಲವಾದರೆ ಕರ್ನಾಟಕಕ್ಕೆ ಸೇರಿಸಿಬಿಡಿ ಎಂದು ಎದ್ದು ನಿಂತದ್ದು ಎರಡೂ ರಾಜ್ಯಗಳ ಸುದ್ದಿಯಾಗಿತ್ತು. ಇಲ್ಲಿ ಮೀನಿನ ಹೆಸರಿನಲ್ಲಿ ನೀರನ್ನು ಮೋರಿಗೆ ಬಿಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಚೆಲ್ಲುವುದೊಂದೇ ದೋಷವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇನ್ನೊಂದು ಲೆಕ್ಕವಿದೆ, ಅದಕ್ಕೆ ಟಿಮ್ಮನ್ಸ್ ಮತ್ತು ಎಬೆಲಿಂಗ್ ಅವರ ‘ರಿಸರ್ಕ್ಯುಲೇಟಿಂಗ್ ಅಕ್ವಾಕಲ್ಚರ್’ ತೆಗೆಯಬೇಕು. ಅದು ಮೀನು ಸಾಕಣೆಯ ಕಾರ್ಖಾನೆಗಳಿಗೆ ಬರೆದ ದಪ್ಪ ಪುಸ್ತಕ. ಅಲಂಕಾರದ ತೊಟ್ಟಿಯವರು ಅದನ್ನು ಮುಟ್ಟುವುದಿಲ್ಲ, ನಾನು ಮಾತ್ರ ವರ್ಷಕ್ಕೊಮ್ಮೆ ಓದುತ್ತೇನೆ. ಅದು ಕಲಿಸುವ ದೊಡ್ಡ ಪಾಠ: ಫಿಲ್ಟರನ್ನು ತೊಟ್ಟಿಯ ಅಳತೆಯಿಂದ ನಿರ್ಧರಿಸಬೇಡ, ದಿನಕ್ಕೆ ಹಾಕುವ ಆಹಾರದಿಂದ ನಿರ್ಧರಿಸು. ಆಹಾರದ ತೂಕವನ್ನು ಅದರ ಪ್ರೊಟೀನ್ ಪಾಲಿನಿಂದ, ಮತ್ತೆ 0.092ರಿಂದ ಗುಣಿಸಿದರೆ ಆ ದಿನ ಹುಟ್ಟುವ ಅಮೋನಿಯಾ-ಸಾರಜನಕ ಸಿಗುತ್ತದೆ. ಶೇ. 35 ಪ್ರೊಟೀನಿನ ಆಹಾರ ಹತ್ತು ಗ್ರಾಂ ಹಾಕಿದರೆ 0.32 ಗ್ರಾಂ. ಅದರ ಒಂದು ಗ್ರಾಂ ಅರಗಿಸಲು ಬ್ಯಾಕ್ಟೀರಿಯಾಗಳಿಗೆ 4.57 ಗ್ರಾಂ ಆಮ್ಲಜನಕ ಬೇಕು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಗ್ರಾಂ ಕ್ಷಾರತೆಯೂ ಬೇಕು.

ಈ ಕ್ಷಾರತೆಯ ಸಾಲಿನ ಮೇಲೆ ಬೆರಳಿಟ್ಟು ನೋಡಿ. ದಿನಕ್ಕೆ ಹತ್ತು ಗ್ರಾಂ ಆಹಾರ ಎಂದರೆ 2.3 ಗ್ರಾಂ ಕ್ಷಾರತೆ ಖರ್ಚು. 800 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು ಮೂರು ಮಿಲಿಗ್ರಾಂ ಕಡಿಮೆ. ಬೋರಿನ ನೀರಿನ ಕ್ಷಾರತೆ 300 ಇದ್ದರೆ ನೂರು ದಿನದ ದಾಸ್ತಾನು. 20ಕ್ಕೆ ಇಳಿಸಿದ ಆರ್‌ಒ ನೀರಿನಲ್ಲಿ ಅದು ಒಂದೇ ವಾರದಲ್ಲಿ ತಳ ಕಾಣುತ್ತದೆ, ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ನಾವು ಶಾಪವೆಂದು ಬೈಯುವ ಗಡಸು ನೀರೇ ಫಿಲ್ಟರಿನ ಬುತ್ತಿ.

ಗಡಸು ನೀರಿಗೂ ಒಂದು ಅಪಾಯವಿದೆ, ಅದನ್ನು ಮುಚ್ಚಿಡಲಾರೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇ. 5 ದಾಟುತ್ತದೆ, ಬಿಸಿ ಏರಿದಷ್ಟೂ ಹೆಚ್ಚುತ್ತದೆ. ಮೆದು ನೀರಿನವರಿಗೆ ಕ್ಷಮೆಯಾಗುವ ತಪ್ಪಿಗೆ ನಮಗೆ ಕ್ಷಮೆಯಿಲ್ಲ. ಆದ್ದರಿಂದಲೇ ಕ್ಷಣವೂ ಸಾಯದ ಜೈವಿಕ ಫಿಲ್ಟರ್ ನಮಗೆ ಬೇಕು, ಗಡಸು ನೀರನ್ನೇ ಬಯಸುವ ಮೀನೂ ಬೇಕು. ಮಲಾವಿ ಸರೋವರದ ಸಿಕ್ಲಿಡ್, ಮೋಲಿ, ಗಪ್ಪಿ ಇವಕ್ಕೆಲ್ಲ ಈ ನೀರು ತವರುಮನೆ. ಡಿಸ್ಕಸ್ ಬೇಕೇಬೇಕೆನ್ನುವವರು ಮಲೆನಾಡಿನಲ್ಲಿ ಸಾಕಲಿ.

ಹಾಗಾದರೆ ತರುವುದೇನು? ತೊಟ್ಟಿಯ ಕೆಳಗೆ 150 ಲೀಟರಿನ ತೆರೆದ ಸಂಪು, ಅದರ ಮೇಲೆ ನೀರು ಹನಿಹನಿಯಾಗಿ ಇಳಿಯುವ ಗೋಪುರ. ಹಳಬರು ಟ್ರಿಕಲ್ ಫಿಲ್ಟರ್ ಎಂದರೆ ಮೂಗು ಮುರಿಯುತ್ತಾರೆ, ನೈಟ್ರೇಟ್ ಕಾರ್ಖಾನೆ ಎಂದು ಜರಿಯುತ್ತಾರೆ. ಹವಳ ಸಾಕುವವರ ಆ ದೂರು ಸಿಹಿನೀರಿಗೆ ಹೇಗೆ ಅಂಟಿತೋ! ಗೋಪುರದೊಳಗಿನ ಮಾಧ್ಯಮ ನೀರಿನಲ್ಲಿ ಮುಳುಗಿರುವುದಿಲ್ಲ, ಒದ್ದೆಯಾಗಿ ಗಾಳಿಯಲ್ಲಿ ನಿಂತಿರುತ್ತದೆ. ಕರೆಂಟು ಹೋದರೂ ತೇವ ಇರುವವರೆಗೆ ಉಸಿರಾಡುತ್ತಲೇ ಇರುತ್ತದೆ. ತೊಟ್ಟಿಯ ಮೀನುಗಳಿಗೆ ಬ್ಯಾಟರಿಯ ಪುಟ್ಟ ಗಾಳಿ ಪಂಪು ಒಂದಿದ್ದರೆ ಸಾಕು.

ಇದೇ ಗೋಪುರದ ಬಗ್ಗೆ ನನಗೆ ಪ್ರಿಯವಾದ ಸಂಗತಿ ಇನ್ನೊಂದು. ಅಮೋನಿಯಾವನ್ನು ಒಂದು ಜೀವಿ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ ಎಂದು ನೂರು ವರ್ಷಕ್ಕೂ ಮೇಲೆ ಓದುತ್ತ ಬಂದೆವು. ಎರಡೂ ಹೆಜ್ಜೆಯನ್ನು ತಾನೊಂದೇ ನಡೆಯುವ ನೈಟ್ರೋಸ್ಪೈರಾ 2015ರಲ್ಲಿ ಬೆಳಕಿಗೆ ಬಂತು. ಆ ವರ್ಷ ಪ್ರಕಟವಾದ ಎರಡು ಶೋಧಗಳಲ್ಲಿ ನೆದರ್‌ಲೆಂಡ್ಸಿನ ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಟ್ರಿಕಲ್ ಫಿಲ್ಟರ್ ಒಂದರಲ್ಲಿ!

ಮಾಧ್ಯಮಕ್ಕೆ ದುಬಾರಿ ಸೆರಾಮಿಕ್ ಉಂಗುರ ಬೇಡ. ಅದರ ಸೂಕ್ಷ್ಮ ರಂಧ್ರಗಳು ಲೋಳೆ ಕಟ್ಟಿದ ಮೇಲೆ ಲೆಕ್ಕಕ್ಕೆ ಬರುವುದು ಹೊರಮೈ ಮಾತ್ರ. ನಮ್ಮ ಓದುಗರ ತೋಟದಲ್ಲಿ 16 ಮಿಲಿಮೀಟರಿನ ಡ್ರಿಪ್ ಲ್ಯಾಟರಲ್ ಸುರುಳಿ ಬಿದ್ದಿದೆಯಲ್ಲ! ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿದರೆ ಒಳಮೈ ಹೊರಮೈ ಕೂಡಿ ಮೀಟರಿಗೆ 900 ಚದರ ಸೆಂಟಿಮೀಟರ್ ಸಿಗುತ್ತದೆ. ಚದರ ಮೀಟರಿಗೆ ದಿನಕ್ಕೆ 0.2 ಗ್ರಾಂ ಅಮೋನಿಯಾ-ಸಾರಜನಕ ಅರಗುತ್ತದೆ ಎಂಬ ಎಚ್ಚರಿಕೆಯ ದರ ಹಿಡಿದರೂ ಹತ್ತು ಗ್ರಾಂ ಆಹಾರಕ್ಕೆ 18 ಮೀಟರ್ ಸಾಕು. ಮೂರು ಪಟ್ಟು ಹಾಕಿ. ಗೊಬ್ಬರ, ಔಷಧ ಹರಿದ ಹಳೆಯ ಪೈಪು ಮಾತ್ರ ಬೇಡ, ಹೊಸದರ ಉಳಿಕೆಯೇ ಆಗಲಿ. ನೀರಿನಲ್ಲಿ ತೇಲುವ ಜಾತಿ ಅದು, ಹನಿಯುವ ಗೋಪುರದಲ್ಲಿ ತೇಲುವ ಮಾತೇ ಇಲ್ಲ.

ಕಸ ಹಿಡಿಯುವ ಕೆಲಸ ಬೇರೆ, ಅದನ್ನು ದಾಳಿಂಬೆಯವರಿಗೆ ನಾನು ಕಲಿಸಬೇಕಿಲ್ಲ. ಡ್ರಿಪ್‌ನ ಸ್ಯಾಂಡ್ ಫಿಲ್ಟರಿನ ಎರಡು ಗೇಜಿನ ಅಂಕಿಗಳು ದೂರ ಸರಿದರೆ ಅವರು ತಾವೇ ಬ್ಯಾಕ್‌ವಾಷ್ ಮಾಡುತ್ತಾರೆ. ತೊಟ್ಟಿಯಿಂದ ಇಳಿದ ನೀರು ಗೋಪುರಕ್ಕೆ ಹೋಗುವ ಮುನ್ನ ಬಿಳಿ ಫ್ಲಾಸ್‌ ಅರಿವೆಯಲ್ಲಿ ಸೋಸಲಿ, ಮೂರು ದಿನಕ್ಕೊಮ್ಮೆ ಅದನ್ನು ಒಗೆಯಿರಿ. ಗೋಪುರದ ತುಂಡುಗಳನ್ನು ಮುಟ್ಟಬೇಡಿ. ಕೆಸರು ಕಟ್ಟಿದರೆ ತೊಟ್ಟಿಯದೇ ನೀರಿನಲ್ಲಿ ಅಲುಗಿಸಿ. ನಲ್ಲಿಯ ಕ್ಲೋರಿನ್ ನೀರು ಸೋಕಿಸಿದರೆ ಒಂದು ತಿಂಗಳ ಬೆಳೆ ಹೋಯಿತು.

ಪಂಪು ನಿಂತಾಗ ತೊಟ್ಟಿಯ ಮೇಲಿನ ಮೂರು ಸೆಂಟಿಮೀಟರ್ ನೀರು ಇಳಿದರೂ 40 ಲೀಟರ್ ಆಗುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಯಾವಾಗಲೂ ಖಾಲಿ ಇರಲಿ, ಅದಕ್ಕಿಂತ ಹೆಚ್ಚು ನೀರು ಹಿಂದಕ್ಕೆ ಎಳೆಯದಂತೆ ವಾಪಸು ಪೈಪಿಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ತೂತು ಕೊರೆಯಿರಿ.

ಈ ಏರ್ಪಾಡಿನ ನಿಜವಾದ ಬೆಲೆ ಆವಿ. ಒಣಗಾಳಿಯ ಬೇಸಿಗೆಯಲ್ಲಿ ಹನಿಯುವ ನೀರು ತಂಪಾಗುತ್ತದೆ, ಅದು ಲಾಭ. ಹಾಗೆಯೇ ಆರಿಹೋಗುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಆರಿದ್ದನ್ನು ಬೋರಿನ ನೀರಿನಿಂದ ತುಂಬಬೇಡಿ. ಮಾಳಿಗೆಯ ಮಳೆನೀರನ್ನು ಎರಡು ಬ್ಯಾರಲ್ ಹಿಡಿದಿಟ್ಟುಕೊಳ್ಳಿ. ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ದಾಟದಿರಲು ವಾರಕ್ಕೆ 200 ಲೀಟರ್ ಬದಲಿಸಬೇಕು, ಒಂದು ಬ್ಯಾರಲ್ ಪೂರ್ತಿ. ತೆಗೆದ ನೀರನ್ನು ಗಿಡದ ಬುಡಕ್ಕೆ ಹಾಕಿದರೆ ಹನಿಯೂ ಹಾಳಾಗದು.

ಮೀನು ಬಿಡಲು ಅವಸರ ಬೇಡ. ಪರಿಚಯದವರ ಆರೋಗ್ಯವಂತ ತೊಟ್ಟಿಯ ಸ್ಪಂಜನ್ನು ನಿಮ್ಮ ಗೋಪುರದ ಮೇಲೆ ಹಿಂಡಿ, ಐದಾರು ಮೋಲಿ ಬಿಡಿ. ಹತ್ತು ಗ್ರಾಂ ಆಹಾರದ ಲೆಕ್ಕ ಆಮೇಲೆ. ಮೊದಲ ತಿಂಗಳು ದಿನಕ್ಕೆ ಒಂದು ಗ್ರಾಂ, ಅದೂ ಬೆಳಗ್ಗೆ ಅಮೋನಿಯಾ ಪರೀಕ್ಷೆ ಮಾಡಿದ ಮೇಲೆ.